ಗಂಡನೆಂದು ಬರೆಯಲಾಗದ ಗಂಡ

ಲುದಿವಿನಾ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನಾನು ಅವಳನ್ನು ಮನಾಂಗ್ ಲುದಿ ಎಂದು ಕರೆಯುತ್ತೇನೆ, ಲುದಿ ಅಕ್ಕ ಎಂದ ಹಾಗೆ. ಅವಳು ನನ್ನನ್ನು ಇಂದಾಯ್ ಎನ್ನುತ್ತಾಳೆ. ಅದು ಚಿಕ್ಕ ಹುಡುಗಿಯರನ್ನು ಕರೆಯುವ ಮಾತು. ನನಗೆ ನಲವತ್ತು ತುಂಬಿದ ಮೇಲೂ ಅವಳು ಬಿಟ್ಟಿಲ್ಲ. ವಿನಿಪೆಗ್‌ನ ಒಂದು ವೃದ್ಧಾಶ್ರಮದ ಬಟ್ಟೆ ಒಗೆಯುವ ಕೋಣೆಯಲ್ಲಿ ನಾವಿಬ್ಬರೂ ಹದಿಮೂರು ವರ್ಷ ಒಂದೇ ಮೇಜಿನ ಆಚೆ ಈಚೆ ನಿಂತು ಹಾಸಿಗೆಯ ಹೊದಿಕೆ ಮಡಚಿದವರು. ಹಾಗಾಗಿ ಅವಳ ಗಂಡನ ಕಥೆ ಅವಳಿಗೆಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು. ಗಂಡ ಅಂದೆನಲ್ಲ, ತೊಂದರೆ ಇದ್ದದ್ದು ಅಲ್ಲೇ. ಕೆನಡಾ ಸರ್ಕಾರದ ಅರ್ಜಿಯಲ್ಲಿ ಆ ಮಾತು ಬರೆಯುವಂತಿರಲಿಲ್ಲ.

ಅವಳೂ ನನ್ನ ದೇಶದವಳೇ, ಮನಿಲಾದಿಂದ ಸಮುದ್ರ ದಾಟಿ ಹೋಗಬೇಕಾದ ಇಲೊಯಿಲೊ ಪಟ್ಟಣದ ಪಕ್ಕದ ಓಟನ್ ಊರಿನವಳು. ಆರು ಮಕ್ಕಳಲ್ಲಿ ಮೊದಲನೆಯವಳು. ಮೂವತ್ತೆರಡಕ್ಕೆ ಇಲ್ಲಿಗೆ ಬಂದು ಒಬ್ಬ ಮುದುಕಿಯನ್ನು ನಾಲ್ಕು ವರ್ಷ ನೋಡಿಕೊಂಡಳು, ಮುದುಕಿ ತೀರಿಕೊಂಡ ಮೇಲೆ ಆಶ್ರಮಕ್ಕೆ ಸೇರಿದಳು. ತಮ್ಮಂದಿರ ಓದು, ತಂಗಿಯ ಹೆರಿಗೆ, ಅಪ್ಪನ ಕಣ್ಣಿನ ಆಪರೇಷನ್ ಎಂದು ಒಂದೊಂದಾಗಿ ಮುಗಿಸುವಷ್ಟರಲ್ಲಿ ನಲವತ್ತೊಂದಾಯಿತು. ಮದುವೆಯ ಮಾತನ್ನು ಮನೆಯವರೂ ಮರೆತಿದ್ದರು, ಅವಳೂ ಮರೆತಿದ್ದಳು.

ಆ ವರ್ಷ ತಂಗಿಯ ಮಗುವಿನ ನಾಮಕರಣಕ್ಕೆ ಊರಿಗೆ ಹೋದಾಗ ಅಲ್ಲಿ ಅಡುಗೆಗೆ ನಿಂತಿದ್ದವನು ಕ್ರಿಸಾಂತೊ. ಸರಕು ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಒಂಬತ್ತು ತಿಂಗಳು ಸಮುದ್ರದ ಮೇಲೆ, ಮೂರು ತಿಂಗಳು ಊರಲ್ಲಿ. ಲುದಿವಿನಾ ಮೇಕೆ ಸಾರಿನ ರುಚಿ ನೋಡಿ ಉಪ್ಪು ಜಾಸ್ತಿ ಅಂದಳಂತೆ. ಹಡಗಿನಲ್ಲಿ ಯಾರೂ ದೂರು ಹೇಳಲ್ಲ, ಬೇರೆ ಹೋಟೆಲ್ ಇಲ್ಲವಲ್ಲ ಎಂದು ಅವನು ಅಂದನಂತೆ. ಅವಳು ಹಿಂತಿರುಗಿ ಬಂದಾಗ ಇದನ್ನು ನನಗೆ ಮೂರು ಸಲ ಹೇಳಿದಳು. ಮೂರನೇ ಸಲ ಹೇಳುವಾಗಲೇ ನನಗೆ ಅರ್ಥವಾಯಿತು.

ಸಾಂತೊ, ಕ್ರಿಸಾಂತೊನನ್ನು ಎಲ್ಲರೂ ಕರೆಯುವುದು ಹಾಗೆ, ಒಳ್ಳೆಯವನು. ಮೊದಲ ವಾರದಲ್ಲೇ ಎಲ್ಲ ಹೇಳಿದ್ದ. ಇಪ್ಪತ್ತೆರಡಕ್ಕೆ ಮದುವೆಯಾಗಿತ್ತು, ಹೆರ್ಮಿನಿಯಾ ಎಂಬವಳ ಜೊತೆ. ಮೂರು ವರ್ಷದಲ್ಲಿ ಇಬ್ಬರಿಗೂ ಸಾಕಾಯಿತು. ಅವಳು ಬೇರೊಬ್ಬನ ಜೊತೆ ಸಂಸಾರ ಹೂಡಿ ಮೂರು ಮಕ್ಕಳಾಗಿವೆ. ಆದರೆ ನಮ್ಮ ದೇಶದಲ್ಲಿ ವಿಚ್ಛೇದನ ಎಂಬುದಿಲ್ಲ. ಮದುವೆಯೇ ಆಗಿರಲಿಲ್ಲ ಎಂದು ಕೋರ್ಟಿನಲ್ಲಿ ಸಾಧಿಸಬೇಕು. ಅದಕ್ಕೆ ವಕೀಲ ಬೇಕು, ಮನೋವೈದ್ಯ ಬೇಕು, ಆಯುಸ್ಸು ಬೇಕು. ಸಾಂತೊನ ಸೋದರಮಾವನ ಮಗನ ಕೇಸು ಎಂಟು ವರ್ಷ ನಡೆದು ಇಬ್ಬರು ನ್ಯಾಯಾಧೀಶರು ನಿವೃತ್ತರಾಗಿದ್ದರು.

ಹೀಗೆ ಐದು ವರ್ಷ ನಡೆಯಿತು. ಅವನು ಊರಿಗೆ ಬರುವ ಸಮಯ ನೋಡಿಕೊಂಡು ಇವಳು ಆರು ವಾರ ರಜೆ ಹಾಕುವುದು, ಉಳಿದ ಕಾಲವೆಲ್ಲ ಫೋನು. ಕೊನೆಗೆ ನಲವತ್ತಾರನೇ ವಯಸ್ಸಿಗೆ ಅವನನ್ನು ಇಲ್ಲಿಗೆ ಕರೆಸಿಕೊಳ್ಳುತ್ತೇನೆ ಎಂದು ನಿರ್ಧರಿಸಿದಳು. ಅವಳು ಈ ದೇಶದ ಪ್ರಜೆ, ಕೆಲಸವಿದೆ, ತೆರಿಗೆ ಕಟ್ಟುತ್ತಾಳೆ. ಇದರಲ್ಲಿ ಕಷ್ಟವೇನಿದೆ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ.

ಅರ್ಜಿಯ ಮೊದಲ ಪುಟದಲ್ಲೇ ಮೂರು ಚೌಕ. ನೀವು ಕರೆಸಿಕೊಳ್ಳುವವರು ನಿಮಗೆ ಏನಾಗಬೇಕು? ಒಂದು, ಮದುವೆಯಾದವರು. ಎರಡು, ಮದುವೆಯಾಗದೆ ಕನಿಷ್ಠ ಹನ್ನೆರಡು ತಿಂಗಳು ಒಂದೇ ಮನೆಯಲ್ಲಿ ಸಂಸಾರ ಮಾಡಿದವರು. ಮೂರು, ಗಂಡಹೆಂಡಿರಂತೆಯೇ ಇದ್ದರೂ ಕಾನೂನಿನ ಅಡ್ಡಿಯಿಂದ ಮದುವೆಯೂ ಆಗಲಾರದೆ ಒಟ್ಟಿಗೂ ಇರಲಾರದವರು. ಒಂದಕ್ಕೆ ಮಾತ್ರ ಗುರುತು ಹಾಕಬೇಕು.

ಅವಳ ಚಿಕ್ಕಪ್ಪನ ಮಗಳು ನೆನಿತಾ ಇಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇಟ್ಟಿದ್ದಾಳೆ. ಅವಳಿಗೆ ಗೊತ್ತಿಲ್ಲದ ಕಾನೂನಿಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ನೆಲಮಾಳಿಗೆಯಲ್ಲಿ ಶಾವಿಗೆ ತಿನ್ನುತ್ತಾ ಕೂತಿದ್ದಾಗ ಅವಳು ಶುರುಮಾಡಿದಳು.

"ಹಾಂಗ್‌ಕಾಂಗ್‌ಗೆ ಹೋಗಿ ಮದ್ವೆ ಆಗ್ಬಿಡಿ. ಮೊದಲನೇ ಚೌಕಕ್ಕೆ ಗುರುತು ಹಾಕಿ. ಆರೇ ತಿಂಗಳು, ಬಂದುಬಿಡ್ತಾನೆ."

"ಅವನಿಗೆ ಆಗ್ಲೇ ಮದ್ವೆ ಆಗಿದೆ, ನೆನಿತಾ. ಇನ್ನೊಂದು ಆದ್ರೆ ಜೈಲು."

"ಯಾರು ನೋಡ್ತಾರೆ?"

"ದೇವ್ರು ನೋಡ್ತಾನೆ ಅಂತ ನಾನು ಹೇಳ್ತಿಲ್ಲ. ಅವನು ಕಣ್ಣು ಮುಚ್ಕೋಬಹುದು. ಮನಿಲಾದ ದಾಖಲೆ ಕಚೇರಿಯವರ ಹತ್ರ ಕಂಪ್ಯೂಟರ್ ಇದೆ."

ನೆನಿತಾ ಮುಖ ಊದಿಸಿಕೊಂಡಳು. ಒಳ್ಳೆಯ ಬುದ್ಧಿ ಹೇಳಿದರೆ ಹೀಗೆ, ಹೋಗಲಿ, ಏಜೆಂಟನ ಹತ್ತಿರವಾದರೂ ಹೋಗು ಎಂದಳು. ಆ ಮಾತನ್ನು ಲುದಿವಿನಾ ಕೇಳಿದಳು. ಕೇಳಬಾರದಿತ್ತು.

ಆ ಏಜೆಂಟ್ ಒಂದು ದಿನಸಿ ಅಂಗಡಿಯ ಮಹಡಿಯ ಮೇಲೆ ಕೂರುತ್ತಿದ್ದ. ಎಲ್ಲರನ್ನೂ ಆಂಟಿ ಎನ್ನುತ್ತಿದ್ದ. ಆರು ವಾರದ ರಜೆ, ಐದು ವರ್ಷ, ನಡುವೆ ಒಂದು ಸಲ ಅಪ್ಪ ತೀರಿಕೊಂಡಾಗ ಐದು ತಿಂಗಳು ಊರಲ್ಲೇ ಇದ್ದದ್ದು. ಎಲ್ಲ ಕೂಡಿಸಿ ನೋಡಿ ಇಗೋ ಆಂಟಿ, ಹನ್ನೆರಡು ತಿಂಗಳಿಗೆ ಸ್ವಲ್ಪ ಕಡಿಮೆ, ಅದನ್ನ ನಾನು ನೋಡ್ಕೋತೀನಿ ಎಂದು ಎರಡನೇ ಚೌಕಕ್ಕೆ ಗುರುತು ಹಾಕಿದ. ಲುದಿವಿನಾ ಸಹಿ ಹಾಕಿದಳು.

ಹದಿನಾಲ್ಕು ತಿಂಗಳು ಕಾದಳು. ಆಮೇಲೆ ಬಂದ ಕಾಗದದಲ್ಲಿ ಎರಡೇ ಸಾಲು ಮುಖ್ಯವಾದದ್ದು. ಹನ್ನೆರಡು ತಿಂಗಳು ಅಂದರೆ ಒಂದರ ಹಿಂದೊಂದು, ಬಿಡುವಿಲ್ಲದ ಹನ್ನೆರಡು ತಿಂಗಳು. ರಜೆಗೆ ಹೋಗಿ ಬಂದದ್ದನ್ನು ಸಂಸಾರ ಎನ್ನಲಾಗದು. ಆದ್ದರಿಂದ ಅರ್ಜಿ ತಿರಸ್ಕೃತವಾಗಿದೆ.

ಏಜೆಂಟನ ಬಳಿ ಹೋದರೆ, ಅಪೀಲು ಹಾಕೋಣ ಆಂಟಿ ಎಂದ. ಅವಳು ಕಾಗದವನ್ನು ಅವನ ಮೇಜಿನ ಮೇಲಿಟ್ಟು, "ಬಿಡುವಿಲ್ಲದ ಅನ್ನೋ ಪದ ನಿಮಗೆ ಆವಾಗ ಕಾಣಿಸ್ಲಿಲ್ವಾ?" ಎಂದು ಕೇಳಿದಳಂತೆ. ಅವನು ಕನ್ನಡಕ ಒರೆಸಿಕೊಂಡನಂತೆ. ಮರುದಿನ ಬಟ್ಟೆ ಕೋಣೆಯಲ್ಲಿ ಅವಳು ಒಂದು ಗಂಟೆಯಲ್ಲಿ ಮಡಚಬೇಕಾದ ಹೊದಿಕೆಗಳನ್ನು ಅರ್ಧ ಗಂಟೆಯಲ್ಲಿ ಮಡಚಿ, ಮುಂದಿನ ಗಾಡಿ ತಾ ಎಂದಳು.

ಅದಾದ ಮೇಲೆ, ಅರ್ಜಿ ಹೋಗಲಿ, ಎರಡು ತಿಂಗಳು ನೋಡಿಕೊಂಡು ಹೋಗಲಿಕ್ಕಾದರೂ ಬರಲಿ ಎಂದು ಸಾಂತೊ ಪ್ರವಾಸಿ ವೀಸಾ ಕೇಳಿದ. ಅದೂ ಇಲ್ಲ ಎಂದರು. ಕಾರಣವನ್ನು ಲುದಿವಿನಾ ಊಟದ ಬಿಡುವಿನಲ್ಲಿ ನನಗೆ ಓದಿ ಹೇಳಿದಳು. ಅರ್ಜಿದಾರನಿಗೆ ಕೆನಡಾದಲ್ಲಿರುವ ಸಂಗಾತಿಯ ಜೊತೆ ಗಾಢವಾದ ಸಂಬಂಧವಿರುವುದರಿಂದ ಅವನು ಊರಿಗೆ ಮರಳುತ್ತಾನೆಂಬ ಭರವಸೆ ನಮಗಿಲ್ಲ.

ಅವಳು ಕಾಗದ ಕೆಳಗಿಟ್ಟಳು.

"ನಾಲ್ಕು ತಿಂಗಳ ಹಿಂದೆ ಸಂಬಂಧವೇ ಇಲ್ಲ ಅಂದ್ರು. ಈಗ ಸಂಬಂಧ ಜಾಸ್ತಿ ಆಯ್ತು ಅಂತಾರೆ. ಇವರಿಗೆ ಎಷ್ಟು ಬೇಕು ಅಂತ ಹೇಳ್ಬಿಡ್ಲಿ ಇಂದಾಯ್, ಅಷ್ಟೇ ಇಟ್ಕೋತೀನಿ."

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರದ ಹೊತ್ತು ಸ್ಟೆಫಾನಿಯಾ ಎಂಬ ಯುಕ್ರೇನ್ ಮೂಲದ ನಿವೃತ್ತ ಮೇಡಂ ಒಬ್ಬರು ಕೂತು ವಲಸೆ ಬಂದವರ ಅರ್ಜಿ ಓದಿ ಹೇಳುತ್ತಿದ್ದರು. ಬರೆದುಕೊಡುವುದಿಲ್ಲ, ಓದಿ ಅರ್ಥ ಹೇಳುವುದಷ್ಟೆ. ನಾನೇ ಲುದಿವಿನಾಳನ್ನು ಕರೆದುಕೊಂಡು ಹೋದೆ. ಎಪ್ಪತ್ತು ದಾಟಿದ ಹೆಂಗಸು, ಬೆರಳಿಟ್ಟು ಒಂದೊಂದು ಸಾಲು ಓದಿಸಿದರು, ಮೂರನೇ ಕ್ಲಾಸಿನ ಮಕ್ಕಳಿಗೆ ಓದಿಸುವ ಹಾಗೆ. ನಿಮ್ಮದು ಮೊದಲಿನಿಂದಲೂ ಮೂರನೇ ಚೌಕ, ಎರಡನೆಯದಲ್ಲ ಎಂದರು. ಮದುವೆಯಾಗಲು ಅವನ ದೇಶದ ಕಾನೂನು ಅಡ್ಡ, ಇಲ್ಲಿ ಬಂದಿರಲು ಈ ದೇಶದ ವೀಸಾ ಅಡ್ಡ. ಆ ವೀಸಾ ನಿರಾಕರಿಸಿದ ಕಾಗದ ಎಲ್ಲಿ ಎಂದು ಕೇಳಿದರು. ಹರಿದು ಹಾಕಬೇಕೆಂದಿದ್ದೆ ಎಂದಳು ಲುದಿವಿನಾ. ಅದನ್ನು ಜೋಪಾನವಾಗಿ ಇಡಿ, ನಿಮ್ಮ ಕಡೆಗಿರುವ ದೊಡ್ಡ ಸಾಕ್ಷಿ ಅದೇ ಎಂದರು. ಇನ್ನೊಂದೂ ಬೇಕು: ಅವನ ಮೊದಲ ಮದುವೆ ಯಾವಾಗ ಮುರಿಯಿತು ಎಂದು ಆ ಹೆಂಡತಿಯೇ ಬರೆದುಕೊಟ್ಟ ಅಫಿಡವಿಟ್.

ಅದನ್ನು ಸಾಂತೊ ತರಬೇಕಿತ್ತು. ಅವನು ಆಗ ಬ್ರೆಜಿಲ್ ಕಡೆ ಎಲ್ಲೋ ಇದ್ದ. ಊರಲ್ಲಿದ್ದಾಗಲೂ ಹೆರ್ಮಿನಿಯಾಳ ಎದುರು ಹೋಗಿ ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಹಾಗಾಗಿ ಆ ವರ್ಷದ ರಜೆಯಲ್ಲಿ ಲುದಿವಿನಾ ಒಬ್ಬಳೇ ಇಲೊಯಿಲೊದ ಹಾರೊ ಮಾರುಕಟ್ಟೆಗೆ ಹೋದಳು.

ಹೆರ್ಮಿನಿಯಾ ಅಲ್ಲಿ ಒಣಮೀನು ಮಾರುತ್ತಾಳೆ. ದಪ್ಪಗಿನ, ಚುರುಕು ಕಣ್ಣಿನ ಹೆಂಗಸು. ಲುದಿವಿನಾ ಮೊದಲು ಅರ್ಧ ಕೇಜಿ ಮೀನು ಕೊಂಡಳು, ಆಮೇಲೆ ತಾನು ಯಾರೆಂದು ಹೇಳಿದಳು. ಹೆರ್ಮಿನಿಯಾ ಮೀನು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ಕೆನಡಾದವಳು. ಅವನ ಅಮ್ಮ ಹೇಳಿದ್ಳು. ಏನ್ ಬೇಕು?"

ಲುದಿವಿನಾ ಹೇಳಿದಳು. ನೀವು ಅವನಿಂದ ದೂರವಾಗಿ ಎಷ್ಟು ವರ್ಷವಾಯಿತು ಎಂದು ಬರೆದುಕೊಟ್ಟರೆ ಸಾಕು, ಬೇರೆ ಏನೂ ಬೇಡ.

"ಬರೆದ್ರೆ ನನ್ನ ಜೊತೆ ಇರೋನ ಹೆಸರು ಬರುತ್ತಾ?"

"ಇಲ್ಲ."

"ಬಂದ್ರೆ ಗಂಡನಿದ್ದೂ ಬೇರೊಬ್ಬನ ಜೊತೆ ಇದ್ದಾಳೆ ಅಂತ ನನ್ನ ಮೇಲೆ ಕೇಸ್ ಹಾಕಬಹುದು. ಮೂರು ಮಕ್ಕಳಿವೆ ನಂಗೆ. ಕಾಗದದ ಲೆಕ್ಕದಲ್ಲಿ ಮೂರಕ್ಕೂ ಅಪ್ಪ ಅಂತ ಇಲ್ಲ." ಅವಳು ಮೀನಿನ ಪೊಟ್ಟಣ ಲುದಿವಿನಾಳ ಕೈಗಿಟ್ಟಳು. "ಆ ಮದ್ವೆ ಮುಗೀತು ಅನ್ನೋ ಕಾಗದ ಇಪ್ಪತ್ತು ವರ್ಷದಿಂದ ನಂಗೂ ಬೇಕು. ಕೆನಡಾದವರು ಕೇಳಿದ್ರೆ ಕೊಡ್ತಾರೆ ಅನ್ನೋದಾದ್ರೆ ನಾನೂ ಅವರನ್ನೇ ಕೇಳ್ತಿದ್ದೆ."

ಆದರೂ ಮರುದಿನ ಬೆಳಿಗ್ಗೆ ಅಂಗಡಿಯನ್ನು ಮಗಳಿಗೆ ಬಿಟ್ಟು ನೋಟರಿಯ ಬಳಿ ಬಂದಳು. ನಾಲ್ಕೇ ಸಾಲು ಬರೆಸಿದಳು. ಇಂಥ ವರ್ಷ ಮದುವೆಯಾದೆವು, ಇಂಥ ವರ್ಷ ಬೇರೆಯಾದೆವು, ಮತ್ತೆ ಸೇರಿಲ್ಲ, ಸೇರುವುದೂ ಇಲ್ಲ. ಕೊನೆಯ ಮಾತು ಅಗತ್ಯವಿಲ್ಲ ಎಂದು ನೋಟರಿ ಹೇಳಿದ. ನನಗೆ ಅಗತ್ಯವಿದೆ ಎಂದು ಅವಳು ಹೇಳಿ ಸಹಿ ಹಾಕಿದಳಂತೆ. ಇಬ್ಬರೂ ಹೊರಗೆ ಬಂದು ಒಂದೊಂದು ಬಟ್ಟಲು ಬಾಚೊಯ್, ಅಲ್ಲಿನ ಬಿಸಿ ಶಾವಿಗೆ ಸಾರು, ಕುಡಿದರು. ಅವಳು ಕೆಟ್ಟವಳಲ್ಲ ಇಂದಾಯ್, ಅವನಂಥವನ ಜೊತೆ ಮೂರು ವರ್ಷ ಇದ್ದಿದ್ದೇ ದೊಡ್ಡದು ಎಂದು ಲುದಿವಿನಾ ನನಗೆ ಫೋನಿನಲ್ಲಿ ಹೇಳಿದಳು. ಆಗ ಅದನ್ನು ತಮಾಷೆಗೆ ಹೇಳಿದಳೆಂದು ನಾನು ತಿಳಿದೆ.

ಎರಡನೇ ಅರ್ಜಿ ದಪ್ಪ ಪುಸ್ತಕದಷ್ಟಾಯಿತು. ಏಳು ವರ್ಷದ ಫೋನ್ ಬಿಲ್ಲು, ವಿಮಾನದ ಟಿಕೆಟಿನ ತುಂಡು, ಅವನ ವಿಮೆಗೆ ಇವಳ ಹೆಸರು, ಇವಳ ವಿಮೆಗೆ ಅವನ ಹೆಸರು, ಇಬ್ಬರೂ ಒಟ್ಟಿಗಿರುವ ಫೋಟೊಗಳು. ಫೋಟೊ ಆರಿಸುವಾಗ ನಾನೂ ಕೂತಿದ್ದೆ. ಎಲ್ಲದರಲ್ಲೂ ಸಾಂತೊ ಕಣ್ಣು ಮುಚ್ಚಿದ್ದ. ಸೌಟು ಹಿಡಿದಿದ್ದಾಗ ಮಾತ್ರ ಕಣ್ಣು ಬಿಡುತ್ತಿದ್ದ.

ಮತ್ತೆ ಹದಿನೈದು ತಿಂಗಳು. ಮನಿಲಾದಲ್ಲಿ ಅವನನ್ನು ಕರೆದು ಪ್ರಶ್ನೆ ಕೇಳಿದರು. ಅವಳು ಬೆಳಿಗ್ಗೆ ಏನು ಕುಡಿಯುತ್ತಾಳೆ, ಅವಳ ತಮ್ಮಂದಿರ ಹೆಸರೇನು, ಅವಳ ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ. ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟನಂತೆ. ಕೊನೆಯಲ್ಲಿ ಅಧಿಕಾರಿ ಒಂದು ಪ್ರಶ್ನೆ ಕೇಳಿದಳು: ಅವರು ಇಲ್ಲೇ ಹುಟ್ಟಿದವರು, ಇಲ್ಲಿಗೆ ಬಂದು ಒಂದು ವರ್ಷ ನಿಮ್ಮ ಜೊತೆ ಇರಲು ಏನು ಅಡ್ಡಿ? ಸಾಂತೊ ಸುಳ್ಳು ಹೇಳುವವನಲ್ಲ. ಏನೂ ಅಡ್ಡಿಯಿಲ್ಲ ಮೇಡಂ, ಅವಳಿಗೆ ಅಲ್ಲಿ ಕೆಲಸವಿದೆ ಅಷ್ಟೇ ಎಂದ.

ಕಾಗದ ಬಂತು. ಮದುವೆಗೆ ಅಡ್ಡಿಯಿರುವುದನ್ನು ಒಪ್ಪಿದ್ದೇವೆ. ಒಟ್ಟಿಗೆ ಬಾಳಲು ಅಡ್ಡಿಯಿರುವುದು ಸಾಬೀತಾಗಿಲ್ಲ. ಕೆಲಸ ಬಿಡಲು ಇಷ್ಟವಿಲ್ಲದಿರುವುದನ್ನು ಅಡ್ಡಿ ಎನ್ನಲಾಗದು. ತಿರಸ್ಕೃತ.

ಆ ದಿನ ಲುದಿವಿನಾ ಕೆಲಸದಲ್ಲಿ ಬಾಯಿ ಬಿಡಲಿಲ್ಲ. ಒಗೆಯುವ ಯಂತ್ರದ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಮೇಲ್ವಿಚಾರಕಿ ಬಂದು ನೋಡಿ ಹೋದಳು. ಬಸ್ಸಿಗೆ ಕಾಯುವಾಗ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಅವಳ ಬಾಯಿ ತೆರೆಯಿತು. ಮುಚ್ಚಲು ಬಸ್ಸು ಬರಬೇಕಾಯಿತು. ಅವಳಿಗೆ ಅಧಿಕಾರಿಗಳ ಮೇಲಿದ್ದ ಸಿಟ್ಟು ಕಡಿಮೆ, ಸಾಂತೊನ ಮೇಲಿದ್ದದ್ದು ಹೆಚ್ಚು. ಏನೂ ಅಡ್ಡಿಯಿಲ್ಲ ಎಂದು ಹೇಳಲು ಅವನಿಗೆ ಬಾಯಾದರೂ ಹೇಗೆ ಬಂತು? ಇಪ್ಪತ್ತು ವರ್ಷ ಹಡಗಿನ ಕ್ಯಾಪ್ಟನ್ನುಗಳಿಗೆ ಹಳಸಿದ ಮೀನನ್ನು ತಾಜಾ ಎಂದು ತಿನ್ನಿಸಿದವನಿಗೆ ಆ ಒಂದು ನಿಮಿಷ ಸತ್ಯ ನೆನಪಾಗಬೇಕಿತ್ತೇ?

ಶನಿವಾರ ಸ್ಟೆಫಾನಿಯಾ ಮೇಡಂ ಕಾಗದವನ್ನು ಎರಡು ಸಲ ಓದಿದರು. ತಪ್ಪು ನನ್ನದೂ ಇದೆ, ಈ ಪ್ರಶ್ನೆ ಬರಬಹುದು ಎಂದು ನಾನು ಯೋಚಿಸಬೇಕಿತ್ತು ಎಂದರು. ಆಮೇಲೆ ಮೆಲ್ಲಗೆ ಹೇಳಿದರು: ಮೂರನೇ ಚೌಕ ನಿಮ್ಮದಲ್ಲ ಎಂದು ಅವರು ಹೇಳಿದರೆ, ಎರಡನೇ ಚೌಕವನ್ನು ನಿಜ ಮಾಡುವುದೊಂದೇ ದಾರಿ. ಹೋಗಿ, ಹನ್ನೆರಡು ತಿಂಗಳು ಒಂದೇ ಮನೆಯಲ್ಲಿ ಇದ್ದು ಬನ್ನಿ.

ಅವಳಿಗೆ ಆಗ ಐವತ್ತು. ಆಶ್ರಮದವರು ಸಂಬಳವಿಲ್ಲದ ರಜೆ ಕೊಟ್ಟರು, ಮರಳಿ ಬಂದರೆ ಕಾಯಂ ಜಾಗವಿಲ್ಲ, ಕರೆದ ದಿನ ಮಾತ್ರ ಕೆಲಸ ಎಂದು ಸಹಿ ಹಾಕಿಸಿಕೊಂಡರು. ಹದಿನಾಲ್ಕು ವರ್ಷದ ಚಾಕರಿಯನ್ನು ಒಂದು ಚೌಕಕ್ಕಾಗಿ ಬಿಟ್ಟುಕೊಟ್ಟಳು. ನಾನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. "ಇವನು ಇಷ್ಟಕ್ಕೆಲ್ಲ ಯೋಗ್ಯನಾ ಅಂತ ಒಂದ್ಸಲನೂ ನೋಡಿಲ್ಲ ಇಂದಾಯ್. ಆರು ವಾರದಲ್ಲಿ ಯಾರಾದ್ರೂ ಒಳ್ಳೆಯವರೇ" ಎಂದಳು.

ಓಟನ್‌ನಲ್ಲಿ ಸಾಂತೊನ ಅಮ್ಮನ ಮನೆಯಿತ್ತು, ಆದರೆ ಅಲ್ಲಿದ್ದರೆ ಬಾಡಿಗೆ ಕರಾರು ಇರುವುದಿಲ್ಲ. ಆದ್ದರಿಂದ ಎರಡು ಕೋಣೆಯ ಬೇರೆ ಮನೆ ಹಿಡಿದರು, ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿದರು. ಕರೆಂಟಿನ ಬಿಲ್ಲಿನಲ್ಲಿ ಎರಡು ಹೆಸರು ಬರುವುದಿಲ್ಲ ಎಂದು ಅಲ್ಲಿನ ಗುಮಾಸ್ತ ಹೇಳಿದ. ಲುದಿವಿನಾ ಮೂರು ದಿನ ಹೋಗಿ ಕೂತಳು. ಕೊನೆಗೆ ಕರೆಂಟು ಅವನ ಹೆಸರಿಗೆ, ನೀರು ಇವಳ ಹೆಸರಿಗೆ ಎಂದಾಯಿತು. ಬರಂಗಾಯ್‌ ಎಂಬ ಅಲ್ಲಿನ ಊರ ಪಂಚಾಯಿತಿಯ ಮುಖ್ಯಸ್ಥನ ಬಳಿ ತಿಂಗಳಿಗೊಂದು ಸಲ ಹೋಗಿ, ಇಬ್ಬರೂ ಇನ್ನೂ ಒಟ್ಟಿಗೇ ಇದ್ದೇವೆ ಎಂದು ಬರೆಸಿಕೊಂಡು ಬರುತ್ತಿದ್ದಳು. ಆ ಮನುಷ್ಯ ಆರನೇ ತಿಂಗಳಿಗೆ, ಈಗಲೂ ಇದ್ದೀರಾ ಎಂದು ಕೇಳುವ ಬದಲು ಅವಳ ಮುಖ ನೋಡಿಯೇ ಮುದ್ರೆ ಒತ್ತುತ್ತಿದ್ದನಂತೆ.

ಅವಳು ಹುಟ್ಟಿದ ಊರು. ಆದರೂ ಪಾಸ್‌ಪೋರ್ಟ್ ಕೆನಡಾದ್ದು, ಇಳಿದಾಗ ಒಂದು ವರ್ಷಕ್ಕೆ ಮುದ್ರೆ ಒತ್ತಿದ್ದರು. ಹನ್ನೆರಡು ತಿಂಗಳ ಮೇಲೆ ಎರಡು ವಾರ ಹೆಚ್ಚಿಗೆ ಇದ್ದು ಬಿಡಿ, ಯಾರೂ ದಿನ ಎಣಿಸಿ ತಪ್ಪು ಹುಡುಕುವುದು ಬೇಡ ಎಂದು ಮೇಡಂ ಹೇಳಿದ್ದರಿಂದ, ಆ ಎರಡು ವಾರಕ್ಕಾಗಿ ಅವಳು ವಿದೇಶಿಯರ ಸಾಲಿನಲ್ಲಿ ಒಂದು ಇಡೀ ದಿನ ನಿಂತಳು. ಅವಳ ಮುಂದೆ ನಿಂತಿದ್ದ ಜರ್ಮನ್ ಮುದುಕ, ಈ ಊರು ನಿಮಗೆ ಹಿಡಿಸಿತೇ ಎಂದು ಕೇಳಿದನಂತೆ.

ಇದೆಲ್ಲ ಹೊರಗಿನ ತಾಪತ್ರಯ. ಒಳಗಿನದು ಬೇರೆಯೇ ಇತ್ತು.

ಒಂಬತ್ತು ವರ್ಷ ಫೋನಿನಲ್ಲಿ ಪ್ರೀತಿಸಿದ ಗಂಡಸು ಬೆಳಗಿನ ನಾಲ್ಕಕ್ಕೆ ಎದ್ದು ಪಾತ್ರೆ ಬಡಿಯುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ. ಹಡಗಿನ ಅಭ್ಯಾಸ. ಇಪ್ಪತ್ತೆರಡು ಜನಕ್ಕೆ ಆಗುವಷ್ಟು ಅನ್ನ ಮಾಡುತ್ತಿದ್ದ, ಉಳಿದದ್ದನ್ನು ಬೀದಿಯವರಿಗೆಲ್ಲ ಹಂಚುತ್ತಿದ್ದ, ಹಾಗಾಗಿ ಬೀದಿಯವರೆಲ್ಲ ಊಟದ ಹೊತ್ತಿಗೆ ಮನೆಯಲ್ಲೇ ಇರುತ್ತಿದ್ದರು. ಮಧ್ಯಾಹ್ನ ಪಕ್ಕದ ಮನೆಯ ಕ್ಯಾರಿಯೋಕಿಯಲ್ಲಿ ಒಂದೇ ಹಾಡನ್ನು ಹಾಡುತ್ತಿದ್ದ, ಅದೂ ಶ್ರುತಿ ತಪ್ಪಿ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಡುತ್ತಿದ್ದ. ಬಟ್ಟೆ ಮಡಚಿಯೇ ಜೀವನ ಕಳೆದವಳಿಗೆ ಒದ್ದೆ ಟವೆಲು ಎಂದರೆ ಏನು ಎಂದು ಬೇರೆ ಯಾರಿಗೂ ಅರ್ಥವಾಗುವುದಿಲ್ಲ, ನನಗಾಗುತ್ತದೆ. ಅವನ ದೂರೂ ಇತ್ತು. ಇವಳು ಎಲ್ಲಕ್ಕೂ ರಸೀತಿ ಕೇಳುತ್ತಾಳೆ, ಮುತ್ತು ಕೊಟ್ಟರೂ ತಾರೀಖು ಬರೆದಿಟ್ಟುಕೊಳ್ಳುತ್ತಾಳೆ ಎಂದು ಅಮ್ಮನ ಬಳಿ ಹೇಳಿದ್ದನಂತೆ.

ಎಂಟನೇ ತಿಂಗಳಲ್ಲಿ ಹಡಗಿನ ಕಂಪನಿಯಿಂದ ಕರೆ ಬಂತು. ಹೊಸ ಹಡಗು, ಮುಖ್ಯ ಅಡುಗೆಯವನ ಹುದ್ದೆ, ಒಂಬತ್ತು ತಿಂಗಳ ಕರಾರು. ಸಾಂತೊ ಆಗ ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಊಟದಂಗಡಿಯಲ್ಲಿ ಕೆಲಸಕ್ಕಿದ್ದ. ಮುಖ್ಯ ಅಡುಗೆಯವನಾಗಬೇಕೆಂದು ಇಪ್ಪತ್ತು ವರ್ಷ ಕಾದಿದ್ದವನು. ಮೂರು ದಿನ ಹೇಳದೆ ಇಟ್ಟುಕೊಂಡಿದ್ದು ನಾಲ್ಕನೆಯ ದಿನ ಹೇಳಿದ. ಹೋಗಿ ಬರುತ್ತೇನೆ, ಆಮೇಲೆ ಮತ್ತೆ ಒಂದು ವರ್ಷ ಇರೋಣ ಎಂದ.

ಮತ್ತೆ ಒಂದು ವರ್ಷ ಎಂಬ ಮಾತು ಕೇಳಿ ಅವಳಿಗೆ ಏನಾಯಿತೋ ಅವಳಿಗೇ ನೆನಪಿಲ್ಲ. ಕೆಲಸ ಬಿಟ್ಟು ಬಂದಿದ್ದೇನೆ, ಹೆಂಡತಿಯ ಕಾಗದವನ್ನೂ ನಾನೇ ತಂದೆ, ಮೂರು ದಿನ ಕರೆಂಟ್ ಆಫೀಸಿನಲ್ಲೂ ನಾನೇ ಕೂತೆ, ನೀನು ಮಾಡಿದ್ದು ಒಂದೇ ಕೆಲಸ, ಆ ಅಧಿಕಾರಿಯ ಮುಂದೆ ಬಾಯಿ ಬಿಟ್ಟದ್ದು ಎಂದಳು. ಹಡಗಿಗೇ ಹೋಗು, ಅದನ್ನೇ ಮದುವೆಯಾಗು, ಅದಕ್ಕೆ ಯಾವ ಚೌಕವೂ ಬೇಡ ಎಂದಳು. ಸಾಂತೊ ಚಪ್ಪಲಿ ಮೆಟ್ಟಿಕೊಂಡು ಅಮ್ಮನ ಮನೆಗೆ ಹೋದ.

ಎರಡು ದಿನ ಬರಲಿಲ್ಲ. ಮೂರನೆಯ ದಿನ ನನಗೆ ಅವಳ ಫೋನ್ ಬಂತು. ಅಳುತ್ತಾಳೇನೋ ಎಂದುಕೊಂಡೆ.

"ಸ್ಟೆಫಾನಿಯಾ ಮೇಡಂನ ಒಂದು ಮಾತು ಕೇಳ್ಬೇಕು. ಒಬ್ಬರು ಮನೆ ಬಿಟ್ಟು ಮೂರು ದಿನ ಹೋದ್ರೆ ಹನ್ನೆರಡು ತಿಂಗಳು ಮುರಿದು ಹೋಗುತ್ತಾ?"

"ಊರಿಗೋ ಕೆಲಸಕ್ಕೋ ಹೋಗಿ ಬಂದ್ರೆ ಪರವಾಗಿಲ್ಲ ಅಂದಿದ್ರಲ್ಲ, ಮನಾಂಗ್."

"ಜಗಳ ಆಡ್ಕೊಂಡು ಹೋಗಿದ್ರೆ? ಅದನ್ನ ಕೇಳು."

ಕೇಳಿದೆ. ಮೇಡಂ ಸ್ವಲ್ಪ ಯೋಚಿಸಿ, ಜಗಳವಾಡದೆ ಹನ್ನೆರಡು ತಿಂಗಳು ಇದ್ದೆವು ಎಂದು ಬರೆದರೆ ಯಾವ ಅಧಿಕಾರಿಯೂ ನಂಬುವುದಿಲ್ಲ, ಆದರೆ ಅವನು ಮರಳಿ ಬರಬೇಕು ಎಂದರು.

ಆ ಸಂಜೆಯೇ ಅವನು ಬಂದ. ಕೈಯಲ್ಲಿ ಒಂದು ದೊಡ್ಡ ಮೀನು, ಅಂಗಿ ಮೈಗೆ ಅಂಟಿತ್ತು. ಲುದಿವಿನಾ ಬಾಗಿಲಲ್ಲಿ ನಿಂತಿದ್ದಳು, ದಾರಿ ಬಿಡಲಿಲ್ಲ.

"ಕಂಪನಿಗೆ ಇಲ್ಲ ಅಂತ ಹೇಳಿದೀನಿ" ಎಂದ ಸಾಂತೊ. "ಇನ್ನು ಮುಂದೆ ಕರೆಯಲ್ಲ ಅಂದ್ರು. ಆಗ್ಲಿ ಅಂದೆ."

"ನಾನು ಹೇಳಿದ್ದಕ್ಕಾ?"

"ನೀನು ಹೇಳಿದ್ದಕ್ಕಲ್ಲ. ಅಮ್ಮನ ಮನೇಲಿ ನಾಲ್ಕಕ್ಕೆ ಎದ್ದು ಅನ್ನ ಮಾಡಿದೆ. ಬೈಯೋರು ಯಾರೂ ಇರ್ಲಿಲ್ಲ." ಮೀನನ್ನು ಇನ್ನೊಂದು ಕೈಗೆ ದಾಟಿಸಿ ಹೇಳಿದ, "ಹಡಗಿನಲ್ಲೂ ಯಾರೂ ಇರ್ಲಿಲ್ಲ, ಲುದಿ. ಅದು ನಂಗೆ ಒಳ್ಳೇದು ಅಂದ್ಕೊಂಡಿದ್ದೆ."

ಅವಳು ಮೀನು ತೆಗೆದುಕೊಂಡು ಒಳಗೆ ಹೋದಳು. ಆ ಮಾತನ್ನು ಅವಳು ನನಗೆ ಎರಡು ಸಲ ಹೇಳಿದಳು. ಮರುಕ್ಷಣವೇ, ಮೀನು ತಾಜಾ ಇರಲಿಲ್ಲ ಎಂದೂ ಹೇಳಿದಳು.

ಹನ್ನೆರಡು ತಿಂಗಳು ಹದಿನಾರು ದಿನ ಆದ ಮೇಲೆ ಮೂರನೇ ಅರ್ಜಿ ಹೋಯಿತು, ಎರಡನೇ ಚೌಕಕ್ಕೆ ಗುರುತು ಹಾಕಿ. ಹೆರ್ಮಿನಿಯಾಳ ನಾಲ್ಕು ಸಾಲು, ಬರಂಗಾಯ್‌ನ ಹನ್ನೆರಡು ಮುದ್ರೆ, ಕರೆಂಟು ಬಿಲ್ಲು, ನೀರಿನ ಬಿಲ್ಲು, ಬಾಡಿಗೆ ಕರಾರು ಎಲ್ಲ ಇತ್ತು. ಜಗಳದ ಮೂರು ದಿನವನ್ನೂ ಅವಳು ಬರೆದಳು. ಬೇಡ ಎಂದು ನೆನಿತಾ ಎಷ್ಟು ಹೇಳಿದರೂ ಕೇಳಲಿಲ್ಲ. ಹಿಂದೆ ಒಬ್ಬನ ಮಾತು ಕೇಳಿ ತಿಂಗಳು ಕೂಡಿಸಿದ್ದು ಸಾಕು, ಇದರಲ್ಲಿ ಒಂದು ದಿನವೂ ಸುಳ್ಳು ಇರಬಾರದು ಎಂದಳು.

ಆಮೇಲೆ ಅವಳು ಇಲ್ಲಿಗೆ ಮರಳಿ ಬಂದಳು, ಕರೆದ ದಿನ ಕೆಲಸಕ್ಕೆ ಹೋಗುತ್ತಾ ಹತ್ತು ತಿಂಗಳು ಕಳೆದಳು. ಒಪ್ಪಿಗೆಯ ಕಾಗದ ಬಂದ ದಿನ ನಾನು ಅವಳ ಜೊತೆಗೇ ಇದ್ದೆ. ಅವಳು ಕುಣಿಯಲಿಲ್ಲ, ಅಳಲೂ ಇಲ್ಲ. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ, ಎಲ್ಲಾದರೂ 'ಆದರೆ' ಎಂಬ ಪದ ಇದೆಯಾ ನೋಡು ಎಂದು ನನ್ನ ಕೈಗೆ ಕೊಟ್ಟಳು. ಇರಲಿಲ್ಲ. ಆಗ ಕುರ್ಚಿಯ ಮೇಲೆ ಕೂತು ಬೂಟು ಬಿಚ್ಚಿ ಕಾಲು ಉಜ್ಜಿಕೊಂಡಳು. "ಏಳು ವರ್ಷ" ಎಂದಳು. "ನನ್ನ ತಂಗಿಗೆ ಅಷ್ಟರಲ್ಲಿ ಮೂರು ಮಕ್ಕಳಾದ್ವು."

ಸಾಂತೊ ಏಪ್ರಿಲ್‌ನಲ್ಲಿ ಬಂದಿಳಿದ. ವಸಂತ ಎಂದು ಹೇಳಿದ್ದೆವು, ಅವನು ತೆಳು ಅಂಗಿ ಹಾಕಿಕೊಂಡು ಬಂದ, ಆ ದಿನ ಹಿಮ ಬಿತ್ತು. ಈಗ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಮಕ್ಕಳು ಅವನ ಸೂಪನ್ನು ಎರಡು ಸಲ ಕೇಳಿ ಹಾಕಿಸಿಕೊಳ್ಳುತ್ತಾರೆಂದು ಅವನಿಗೆ ಹೆಮ್ಮೆ. ಕೈಚೀಲ ಮರೆಯದಿದ್ದರೂ ಕೈಗವಸು ಮರೆಯುತ್ತಾನೆ. ಬಿಸಿಗಾಳಿಯ ಯಂತ್ರ ಹಾಕಿಟ್ಟೇ ಕಿಟಕಿ ತೆರೆಯುತ್ತಾನೆ, ಸಮುದ್ರದ ಗಾಳಿ ಇಲ್ಲದೆ ಉಸಿರು ಕಟ್ಟುತ್ತದಂತೆ. ಇದನ್ನೆಲ್ಲ ಲುದಿವಿನಾ ನನಗೆ ಮೇಜಿನ ಆಚೆಯಿಂದ ದಿನಾ ಹೇಳುತ್ತಾಳೆ. ಕಳೆದ ತಿಂಗಳು ಅವಳಿಗೆ ಮತ್ತೆ ಕಾಯಂ ಜಾಗ ಸಿಕ್ಕಿತು.

ನಿನ್ನೆ ಹೇಳಿದ್ದು ಅವನ ಗೊರಕೆಯ ಬಗ್ಗೆ. ಮೂರೂವರೆಗೆ ಸರಿಯಾಗಿ ಮಾತು ಅರ್ಧಕ್ಕೆ ನಿಲ್ಲಿಸಿ ಕೋಟು ಹಾಕಿಕೊಂಡಳು. ಅವನ ಶಾಲೆ ಮೂರಕ್ಕೆ ಬಿಡುತ್ತದೆ, ಬಸ್ ನಿಲ್ದಾಣದಲ್ಲಿ ಕೈಗವಸಿಲ್ಲದೆ ನಿಂತಿರುತ್ತಾನೆ ಎಂದು ಗೊಣಗುತ್ತಾ, ಮಡಚಬೇಕಾಗಿದ್ದ ಹೊದಿಕೆಯೊಂದನ್ನು ಹಾಗೇ ನನ್ನ ಕಡೆ ತಳ್ಳಿ ಹೋದಳು.